ಮಾವನವರ ಎಡಗಡೆ ನಾಲ್ಕು ವರ್ಷ

ಇಂಥ ಸಂಗತಿಗಳು ನಮ್ಮ ಮನೆತನದಲ್ಲಿ ಮೊದಲು ಕಚ್ಚಾ ರಸ್ತೆಯ ಮೇಲೆ ನಡೆಯುತ್ತಿದ್ದವು. ಆಮೇಲೆ ಡಾಂಬರು ಬಂತು, ಡಾಂಬರಿನ ಮೇಲೆ ನಡೆದವು. ಈಗ ನಾಲ್ಕು ಸಾಲಿನ ಹೆದ್ದಾರಿ ಬಂದಿದೆ, ಅಲ್ಲಿಯೂ ಬಿಡದೆ ನಡೆಯುತ್ತಿವೆ. ರಸ್ತೆ ಅಗಲವಾದರೆ ಮನುಷ್ಯ ಬದಲಾಗುತ್ತಾನೆಂದು ಯಾರೂ ನಮಗೆ ಮಾತು ಕೊಟ್ಟಿರಲಿಲ್ಲ.

ನಾನು ಸಂಖದ ಕನ್ನಡ ಸಾಲೆಯಲ್ಲಿ ಮಾಸ್ತರ. ಹೆಂಡತಿಯ ತವರು ಕುಣಿಕೋಣೂರ. ಅವಳ ತಂದೆಗೆ ಅಲ್ಲಿ ಒಂದು ಕಿರಾಣಿ ಅಂಗಡಿ, ಸ್ವಲ್ಪ ಹೊಲ, ಒಂದು ಹಳೆಯ ಜೀಪು. ತಿಂಗಳಿಗೊಂದು ರವಿವಾರ ಅವರು ಅಂಗಡಿಯ ಸಾಮಾನು ತರಲು ಜೀಪು ತೆಗೆದುಕೊಂಡು ವಿಜಯಪುರಕ್ಕೆ ಹೋಗುತ್ತಿದ್ದರು. ಅಲ್ಲಿ ಪುಸ್ತಕದ ಅಂಗಡಿಗಳೂ ಇವೆಯಲ್ಲ, ನಾನೂ ಜೊತೆಗೆ ಹೋಗುತ್ತಿದ್ದೆ. ನಮ್ಮೂರ ಸಣ್ಣ ರಸ್ತೆ ಮುಗಿದ ಮೇಲೆ ಸೊಲ್ಲಾಪುರ ಕಡೆಯಿಂದ ಬರುವ ಹೆದ್ದಾರಿ ಸಿಗುತ್ತದೆ. ಅದು ಸಿಕ್ಕ ಕೂಡಲೇ ಮಾವ ಜೀಪನ್ನು ನೇರ ಬಲಗಡೆಯ ಸಾಲಿಗೆ ಒಯ್ದು, ನಡುವಿನ ಡಿವೈಡರಿನ ಮಗ್ಗುಲಿಗೆ ಹಚ್ಚಿ, ಮೂವತ್ತೈದರ ವೇಗದಲ್ಲಿ ಹಾಯಾಗಿ ಹೊರಡುತ್ತಿದ್ದರು. ಆ ಸಾಲು ಇರುವುದು ನೂರರ ವೇಗದವರು ಮುಂದೆ ದಾಟಿ ಹೋಗಲೆಂದು.

ಹೆಂಡತಿಗೆ ಇದು ಗೊತ್ತಿತ್ತು. ಒಮ್ಮೆ ತಂದೆಗೆ ಎದುರಿಗೇ ಹೇಳಿದಳು: "ಅಪ್ಪಾ, ಹಿಂಗ ಹೊಡದ್ರ ಒಂದ ದಿನ ಯಾರರ ಬಂದು ಗುದ್ದತಾರ ನೋಡು."

ಮಾವ ನಕ್ಕರು. "ನಾ ಹೊಡಿಯೂದು ತಪ್ಪಿದ್ರ ಅಳಿಯಾರ ಹೇಳ್ತಾರ. ಬಾಜೂಕನ ಕುಂತಿರ್ತಾರ, ಓದಿದವ್ರು, ಶಾಣ್ಯಾ ಮನಶ್ಯಾರು. ನೀ ಯಾಕ ಒದರ್ತಿ?"

ಅಂದಿನಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಹೇಳಬೇಕಾದದ್ದು ಎರಡೇ ಮಾತು: ಎಡಕ್ಕ ಹೋಗ್ರಿ. ಆದರೆ ನಮ್ಮ ಕಡೆಯ ಮಾವ-ಅಳಿಯರ ಮರ್ಯಾದೆ ಗೊತ್ತಿದ್ದವರಿಗೆ ಆ ಎರಡು ಮಾತಿನ ಭಾರ ಗೊತ್ತಿರುತ್ತದೆ. ಮದುವೆಯಲ್ಲಿ ಅವರು ನನಗೆ ಕೊಟ್ಟ ಬೂಟು ಒಂದು ಅಳತೆ ಸಣ್ಣದಿತ್ತು. "ಬರೊಬ್ಬರಿ ಆಗ್ಯಾವೇನ್ರಿ?" ಎಂದು ಕೇಳಿದ್ದರು. "ಹೌದ್ರಿ" ಎಂದಿದ್ದೆ. ಮೂರು ವರ್ಷ ಹಾಕಿಕೊಂಡೆ.

೧. ತುಂಬಿದ ಬಂಡಿ

ಮೊದಲ ಸಲ ನಾನು ಬಾಯಿ ತೆಗೆದದ್ದು ವಿಜಯಪುರದಿಂದ ತಿರುಗಿ ಬರುವಾಗ. ಜೀಪಿನ ಹಿಂಭಾಗದ ತುಂಬ ಸಕ್ಕರೆ ಚೀಲ, ಬೆಲ್ಲದ ಪೆಂಟಿ, ಎಣ್ಣೆ ಡಬ್ಬಿ. ಹಿಂದೆ ಒಂದು ಖಾಲಿ ಲಾರಿ ಬಂದು ಹಾರ್ನು ಹೊಡೆಯತೊಡಗಿತು. ಮೊದಲು ಒಂದೊಂದಾಗಿ, ಆಮೇಲೆ ಕೈ ತೆಗೆಯದೆ.

"ಮಾವಾರ, ಹಿಂದ ಗಾಡಿ ಬಂದದ್ರಿ" ಎಂದೆ. ಇದಕ್ಕಿಂತ ಖಡಕ್ಕಾಗಿ ನಾನು ಅವರ ಮುಂದೆ ಎಂದೂ ಮಾತಾಡಿರಲಿಲ್ಲ.

"ಬರ್ಲಿ ಬಿಡ್ರಿ. ಪಾಪ, ಅವಂದೂ ಏನರ ಕೆಲಸ ಇದ್ದೀತು."

"ಸೈಡ್ ಕೇಳಾಕ ಹತ್ಯಾನ್ರಿ."

ಮಾವ ಕನ್ನಡಿ ನೋಡಿದರು. ನನಗೆ ತಿಳಿಯದ ಒಂದು ವಿಷಯ ತಿಳಿಸಿಕೊಡುವವರ ಹಾಗೆ ಸಾವಕಾಶವಾಗಿ ಹೇಳಿದರು: "ಅಳಿಯಾರ, ನೀವು ಬಂಡಿ ಹೊಡದವ್ರಲ್ಲ, ಅದಕ್ಕ ನಿಮಗ ಗೊತ್ತಿಲ್ಲ. ನಮ್ಮಪ್ಪನ ಕಾಲದಿಂದ ಒಂದ ರಿವಾಜ ಐತಿ. ಎದುರು ಬರ್ಲಿ, ಹಿಂದಿಂದ ಬರ್ಲಿ, ತುಂಬಿದ ಬಂಡಿ ಹಾದಿ ಬಿಡೂದಿಲ್ಲ. ಖಾಲಿ ಬಂಡಿಯವ ಕೆಳಗಿಳಿಸಿ ಹಾದಿ ಕೊಡಬೇಕು. ತುಂಬಿದ್ದು ಕೆಳಗಿಳಿದ್ರ ಎತ್ತಿಗೆ ಮತ್ತ ಮ್ಯಾಲ ಎಳಿಯೂದು ಆಗ್ತದೇನ್ರಿ? ಅಂವಂದು ಖಾಲಿ. ನಮ್ಮದು ತುಂಬೇತಿ. ಅಂವ ಇಳಸ್ಲಿ."

ಲಾರಿಯವನು ಕೊನೆಗೆ ಎಡದಿಂದ ನುಗ್ಗಿ ಮುಂದೆ ಹೋದ. ಹೋಗುವಾಗ ಕಿಟಕಿಯಿಂದ ಏನೋ ಅಂದ. "ನೋಡ್ರಿ, ತಾನ ತಿಳಕೊಂಡ" ಅಂದರು ಮಾವ.

ಆ ರಿವಾಜು ನಾನೂ ಓದಿ ಬಲ್ಲೆ. ನ್ಯಾಯವಾದ ರಿವಾಜು. ಎತ್ತುಗಳ ಮೇಲಿನ ಕರುಣೆಯಿಂದ ಹುಟ್ಟಿದ್ದು. ಎಡಗಡೆಯ ಸಾಲೂ ಅಷ್ಟೇ ಚೆನ್ನಾದ ಡಾಂಬರು, ಇಲ್ಲಿ ಯಾರೂ ಕೆಳಗೆ ಇಳಿಯಬೇಕಾಗಿಲ್ಲ ಎಂಬ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಹೇಳದೆ, ಮುಂದಿನ ತಿಂಗಳು ಹೋಗುವಾಗ ಜೀಪು ಖಾಲಿ ಇರುತ್ತದೆ, ಅವರ ರಿವಾಜಿನಂತೆಯೇ ತಾವಾಗಿ ಎಡಕ್ಕೆ ಹೋಗುತ್ತಾರೆ ಎಂದು ಕಾದೆ.

ಮುಂದಿನ ತಿಂಗಳು ಹೆದ್ದಾರಿ ಸಿಕ್ಕಿತು. ಮಾವ ಬಲಕ್ಕೇ ಹೋದರು. ಧೈರ್ಯ ಮಾಡಿ ಕೇಳಿದೆ: "ಮಾವಾರ, ಇವತ್ತ ನಮ್ಮ ಗಾಡಿ ಖಾಲಿ ಐತಲ್ರಿ?"

ಅವರಿಗೆ ನಿಜವಾಗಿಯೂ ನೋವಾಯಿತು. "ಏನಂತ ಮಾತಾಡ್ತೀರಿ! ಅಳಿಯಾರ ಕುಂತ ಗಾಡಿ ಖಾಲಿ ಹ್ಯಾಂಗ ಆಗ್ತದ್ರಿ?"

ಇಷ್ಟು ಗೌರವಕ್ಕೆ ಎದುರು ಮಾತಾಡುವುದು ಹೇಗೆ? ಬೆಲ್ಲದ ಪೆಂಟಿಗಳ ಸಾಲಿನಲ್ಲಿ ನನ್ನನ್ನೂ ಇಟ್ಟುಕೊಂಡು ಸುಮ್ಮನಾದೆ.

೨. ಕುರಿಗಳಿಗೆ ತಿಳಿದದ್ದು

ಮಾಡಗ್ಯಾಳದ ಕುರುಬನೊಬ್ಬ ಮಾವನ ಅಂಗಡಿಯ ಹಳೆಯ ಗಿರಾಕಿ. ನಮ್ಮ ಮಾಡಗ್ಯಾಳ ಕುರಿಯ ಗತ್ತು ನೋಡಿದವರಿಗೆ ಗೊತ್ತು. ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು ಎತ್ತಿಕೊಂಡು, ದೇಶಗತ್ತಿ ಮನೆತನದವರ ಹಾಗೆ ನಡೆಯುತ್ತವೆ. ಒಂದು ದಿನ ಅವನು ಹಿಂಡು ಹೊಡೆದುಕೊಂಡು ಹೆದ್ದಾರಿಯ ಎಡ ಅಂಚಿನಲ್ಲಿ ಹೊರಟಿದ್ದ. ನೂರು ಕುರಿ ಇದ್ದಾವು. ಒಂದೂ ಬಿಳಿ ಗೆರೆ ದಾಟಿರಲಿಲ್ಲ.

ನಾನೇ ಮಾವನಿಗೆ ತೋರಿಸಿದೆ. ಗುರುತಿನವರೆಂದರೆ ಅವರಿಗೆ ಮಾತಾಡಿಸದೆ ಹೋಗಿ ಗೊತ್ತಿಲ್ಲ. ಬಲ ಸಾಲಿನಲ್ಲೇ ಜೀಪಿನ ವೇಗವನ್ನು ಕುರಿಯ ವೇಗಕ್ಕೆ ಇಳಿಸಿದರು. ನನ್ನ ಮೈ ಮೇಲಿಂದ ಬಾಗಿ ಕೂಗಿದರು: "ಏನಪಾ, ಎಲ್ಲಿಗಿ ಹೊಂಟಿ?"

ಅವನು ಅಲ್ಲಿಂದ ಏನೋ ಕೂಗಿದ. ನಡುವೆ ಎಡಗಡೆಯ ಸಾಲಿನಲ್ಲಿ ಒಂದು ಕಂಟೇನರ್ ಹೋಯಿತು. ಉತ್ತರ ಅದರ ಕೆಳಗೆ ಸಿಕ್ಕಿ ಹೋಯಿತು. "ಆಂ?" ಅಂದರು ಮಾವ. ಅವನು ಮತ್ತೆ ಕೂಗಿದ. ಒಂದು ಬಸ್ಸು ಹೋಯಿತು. ಹೀಗೆ ಅರ್ಧ ಕಿಲೋಮೀಟರು ಕ್ಷೇಮ ಸಮಾಚಾರ ನಡೆಯಿತು. ನಮ್ಮ ಹಿಂದೆ ಹತ್ತು ಗಾಡಿ ನಿಂತು ಅದನ್ನು ಕೇಳಿಸಿಕೊಂಡವು.

ಕೊನೆಗೆ ಸಾಲು ಖಾಲಿಯಾದಾಗ ಕುರುಬನ ಮಾತು ಸ್ಪಷ್ಟವಾಗಿ ಬಂತು. "ಸಾವ್ಕಾರ್ರ, ನನ್ನ ಕುರಿ ಸೈತ ಎಡಕ್ಕ ಹೊಂಟಾವ. ನೀವ್ ಯಾಕ್ರಿ ಆ ಕಡಿ ಹೋಗೀರಿ?"

"ಕುರಿಗೆ ಏನ್ ಅವಸರ ಇರ್ತದೋ ಮಾರಾಯಾ!"

"ನಿಮಗೂ ಕಾಣೂದಿಲ್ಲಲ್ರಿ!"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ಟೇರಿಂಗ್ ಬಿಟ್ಟು ಹೊಟ್ಟೆ ಹಿಡಿದುಕೊಂಡದ್ದರಿಂದ ನಾನು ನಗಲಿಲ್ಲ. ಆದರೆ ಬೇಸರವಾಗಿರಲಿಲ್ಲ ಅವರಿಗೆ. ಎದುರಿಗೇ ಹೇಳಿಸಿಕೊಂಡು ನಗುವ ಮನುಷ್ಯ ಅವರು. ಅದನ್ನು ಅಂದೇ ನಾನು ತಿಳಿದುಕೊಳ್ಳಬೇಕಿತ್ತು.

ಮುಂದಿನ ವಾರ ಆ ಕುರುಬ ಸಂಖದ ಸಂತೆಯಲ್ಲಿ ಸಿಕ್ಕ. ಚಹಾ ಕುಡಿಸಿ ಕೇಳಿದೆ, ಕುರಿಗಳಿಗೆ ಎಡಗಡೆ ಹೋಗುವುದನ್ನು ಹೇಗೆ ಕಲಿಸಿದಿ ಎಂದು.

"ಕಲಸೂದೇನ್ರಿ ಮಾಸ್ತರ್ರ? ಮೊದಲನೇ ದಿನ ಬಡಿಗಿ ಎತ್ತಿ 'ಏ, ಎಡಕ್ಕ!' ಅಂತ ಒದರಿದ್ನಿ. ಮರುದಿನದಿಂದ ತಾವ ಹೋಗಾಕ ಹತ್ತಿದ್ವು."

ಅವನಿಗೇನು ಸುಲಭ. ಅವನು ಆ ಕುರಿಗಳಿಗೆ ಅಳಿಯನಾಗಿರಲಿಲ್ಲ.

೩. ದೀಪ ಹೊಡೆದವರು

ನಮ್ಮ ಹಳ್ಳಿಯ ರಸ್ತೆಯಲ್ಲಿ ಯಾರಾದರೂ ಹಿಂದಿನಿಂದ ಹಾರ್ನು ಹೊಡೆದರೆ, ದೀಪ ಮಿಣುಕಿಸಿದರೆ, ಅವರು ಪರಿಚಯದವರೇ. ನಿಲ್ಲಿಸಿ, ಇಳಿದು, ಎಲೆ-ಅಡಿಕೆ ಹಾಕಿಕೊಂಡು, ಮನೆಯ ಸುದ್ದಿ ಕೇಳಿ ಮುಂದೆ ಹೋಗಬೇಕು. ಹಾಗೆ ನಿಲ್ಲಿಸದೆ ಹೋದವರ ಮನೆಯ ಮದುವೆಗೆ ಮಂದಿ ಹೋಗಲಿಕ್ಕಿಲ್ಲ.

ಹೆದ್ದಾರಿಯಲ್ಲಿ ಒಂದು ಮಧ್ಯಾಹ್ನ ನಮ್ಮ ಹಿಂದೆ ಒಂದು ದೊಡ್ಡ ಲಾರಿ ಬಂದು ದೀಪ ಹೊಡೆಯಿತು. ಪಕ್ಕಕ್ಕೆ ಸರಿ, ದಾರಿ ಬಿಡು, ನಾನು ಮುಂದೆ ಹೋಗುತ್ತೇನೆ ಎಂದು ಅದರ ಅರ್ಥ. ಮಾವ ಕನ್ನಡಿ ನೋಡಿ ಕೈ ಎತ್ತಿದರು. ಅವನು ಮತ್ತೆ ಹೊಡೆದ. ಮಾವ ಮತ್ತೆ ಕೈ ಎತ್ತಿದರು. ಅವನು ಮೂರು ಸಲ ಹೊಡೆದ.

"ಯಾರೋ ಖಾಸಾ ಮಂದಿ ಇರಬೇಕು, ಬಿಡವೊಲ್ರು" ಎಂದು ಮಾವ ಜೀಪು ನಿಲ್ಲಿಸಿಬಿಟ್ಟರು. ಬಲಗಡೆಯ ಸಾಲಿನಲ್ಲಿ, ಡಿವೈಡರಿನ ಮಗ್ಗುಲಲ್ಲಿ.

ನನ್ನ ಎರಡೂ ಕಾಲು ಇಲ್ಲದ ಬ್ರೇಕನ್ನು ತುಳಿದವು. ಹಿಂದಿನಿಂದ ಟಾಯರು ಉಜ್ಜಿದ ಸದ್ದು ಬಂತು. ಸುಟ್ಟ ರಬ್ಬರಿನ ವಾಸನೆ ಬಂತು. ಲಾರಿ ನಮ್ಮ ಹಿಂದಿನ ಬಾಗಿಲಿಗೆ ಒಂದು ಮೊಳ ದೂರ ನಿಂತಿತ್ತು. ಡ್ರೈವರ್ ಇಳಿದು ಬಂದ. ಕೊಲ್ಹಾಪುರ ಕಡೆಯವನು, ಮರಾಠಿಯವನು. ಅವನ ಮುಖ ನೋಡಿ ನಾನು ಕನ್ನಡಕ ತೆಗೆದು ಕಿಸೆಯಲ್ಲಿಟ್ಟುಕೊಂಡೆ.

ಅವನು ಬಾಯಿ ತೆಗೆಯುವ ಮುಂಚೆಯೇ ಮಾವ ಕೈ ಮುಗಿದು, ಮರಾಠಿಯಲ್ಲಿ "ಯಾ, ಯಾ ಪಾವ್ಹಣೇ" ಎಂದು ಬರಮಾಡಿಕೊಂಡರು. ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಎಂದು ಕೇಳಿದರು. ಅವನಿಗೆ ಬೈಯಲು ಸಂದು ಸಿಗಲಿಲ್ಲ. ಬೈಯಬೇಕೆಂದು ಎತ್ತಿದ ಕೈಯೊಳಗೆ ಮಾವ ಒಂದು ಮುಷ್ಟಿ ಒಣದ್ರಾಕ್ಷಿ ಹಾಕಿದರು. ಆತ ಅದನ್ನು ನೋಡಿದ, ನನ್ನನ್ನು ನೋಡಿದ, ಮರಾಠಿಯಲ್ಲಿ "ಅಜ್ಜಾ, ಸಾಯ್ತೀಯಾ ಒಂದು ದಿನ" ಎಂದಷ್ಟೇ ಹೇಳಿ, ದ್ರಾಕ್ಷಿ ತಿನ್ನುತ್ತ ಹೋದ. ಆ ಮಾತನ್ನು ಆಡಬೇಕಾದವನು ನಾನು. ಮೂರನೆಯವನು ಆಡಿ ಹೋದ.

ಮಾವ ಗಾಡಿ ಚಾಲೂ ಮಾಡಿದರು. "ನಮ್ಮ ಸಂಬಂಧದವ ಅಲ್ಲ. ಖರೆ, ಮನಶ್ಯಾ ಚಲೋ ಅದಾನ. ನಮ್ಮ ತಬ್ಬೇತಿ ಬಗ್ಗಿ ಎಷ್ಟ ಕಾಳಜಿ!"

೪. ಅಧ್ಯಕ್ಷರ ಭಾಷಣ

ಎದುರಿಗೆ ಹೇಳಲಾಗದ್ದನ್ನು ಸಭೆಯಲ್ಲಿ ಹೇಳಬಹುದು ಎಂದು ನನಗೆ ಹೊಳೆಯಿತು. ಸಾಲೆಯಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ ಇತ್ತು. ಹೆಡ್‌ಮಾಸ್ತರರಿಗೆ ಹೇಳಿ ಮಾವನನ್ನೇ ಅಧ್ಯಕ್ಷರನ್ನಾಗಿ ಕರೆಸಿದೆ. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂಡಿಸಿದೆವು.

ಅಂದು ನಾನು ಮಾತಾಡಿದೆ. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಬಲಗಡೆಯ ಸಾಲು ದಾಟಿ ಹೋಗುವವರದು, ದಾಟಿದ ಮೇಲೆ ಅವರೂ ಎಡಕ್ಕೆ ಬರಬೇಕು ಎಂದೆ. ನಿಧಾನ ಹೋಗುವುದು ತಪ್ಪಲ್ಲ, ನಿಧಾನ ಹೋಗುತ್ತ ಬಲಕ್ಕಿರುವುದು ತಪ್ಪು ಎಂದೆ. ಹಿಂದಿನವನಿಗೆ ದಾರಿ ಕೊಟ್ಟರೆ ನಾವು ಸಣ್ಣವರಾಗುವುದಿಲ್ಲ ಎಂದೆ. ಒಂದೊಂದು ವಾಕ್ಯವನ್ನೂ ಅಧ್ಯಕ್ಷರ ಮುಖ ನೋಡಿ ಹೇಳಿದೆ. ಅಧ್ಯಕ್ಷರು ಪ್ರತಿ ವಾಕ್ಯಕ್ಕೂ ತಲೆ ತೂಗಿದರು. ಎರಡು ಕಡೆ ಚಪ್ಪಾಳೆ ಹೊಡೆದರು. ಗೆದ್ದೆ ಎಂದುಕೊಂಡೆ.

ಅಧ್ಯಕ್ಷರ ಭಾಷಣ ಚಿಕ್ಕದಿತ್ತು. "ನಮ್ಮ ಅಳಿಯಾರ ಭಾಳ ಚಲೋ ಹೇಳ್ಯಾರ. ಈಗಿನ ಮಂದಿಗೆ ಇದು ತಿಳಿಯೂದಿಲ್ಲ. ಎಲ್ಲಾರೂ ಮನಸಿನ್ಯಾಗ ಇಟ್ಕೋರಿ. ನಾ ಅಂತೂ ದಿನಾ ನೋಡ್ತೀನಿ, ರಸ್ತಾದಾಗ ಮಂದಿ ಹ್ಯಾಂಗ ಬೇಕ ಹಂಗ ಹೊಡಿತಾರ."

ಗೋಡೆಗೆ ನಾನು ಬರೆದು ಹಚ್ಚಿದ್ದ ಒಂದು ಹಾಳೆ ಅವರಿಗೆ ಬಹಳ ಮೆಚ್ಚಿಕೆಯಾಯಿತು. ಹೋಗುವಾಗ ಕೇಳಿ ಇಸಿದುಕೊಂಡು ಹೋದರು. ಮುಂದಿನ ರವಿವಾರ ಜೀಪು ಬಂದಾಗ ನೋಡಿದೆ. ಹಾಳೆಯನ್ನು ಜೀಪಿನ ಹಿಂದಿನ ಗಾಜಿಗೆ ಅಂಟಿಸಿದ್ದರು, ಹಿಂದಿನವರಿಗೆ ಕಾಣುವ ಹಾಗೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ, ಹೀಗಿತ್ತು: "ನಿಧಾನ ಹೋಗುವವರು ಎಡಗಡೆ ಇರಬೇಕು."

ಅದನ್ನು ಹಚ್ಚಿಕೊಂಡು ಮಾವ ಬಲಗಡೆಯ ಸಾಲಿನಲ್ಲಿ ಮೂವತ್ತೈದರಲ್ಲಿ ಹೊರಟರು. ಹಿಂದೆ ಬಂದವರೆಲ್ಲ ಓದಿದರು. ಅಂದಿನ ಹಾರ್ನುಗಳಲ್ಲಿ ಒಂದು ಬಗೆಯ ವಿಶೇಷ ಆವೇಶವಿತ್ತು. ಒಬ್ಬ ಟೆಂಪೋದವನು ಎಡದಿಂದ ಬಂದು, ನಮ್ಮ ಸರಿಸಮ ಗಾಡಿ ಓಡಿಸುತ್ತ, ತಲೆ ಹೊರಗೆ ಹಾಕಿ ಕೇಳಿದ: "ಅಜ್ಜಾ, ಹಿಂದ ಬರದದ್ದು ಯಾರಿಗೋ?"

ಯಾರಿಗೆ ಎಂಬುದು ಮಾವನಿಗೆ ಮುಖ್ಯವೆನಿಸಲಿಲ್ಲ. ಯಾರು ಬರೆದದ್ದು ಎಂಬುದೇ ಮುಖ್ಯ. ನನ್ನ ಹೆಗಲ ಮೇಲೆ ಕೈ ಇಟ್ಟು ಅಭಿಮಾನದಿಂದ ಕೂಗಿದರು: "ಇವ್ರ ಬರದಾರ! ನಮ್ಮ ಅಳಿಯಾರು!"

ಟೆಂಪೋದವನು ನನ್ನನ್ನು ಒಮ್ಮೆ ನೋಡಿದ. ನಾನು ಮೊದಲಿನಿಂದಲೂ ಓದುತ್ತಿದ್ದವನಂತೆ ಪುಸ್ತಕ ಬಿಚ್ಚಿದೆ. ತಲೆಕೆಳಗಾಗಿ ಹಿಡಿದಿದ್ದೆನೆಂದು ಅವನು ದಾಟಿ ಹೋದ ಮೇಲೆ ತಿಳಿಯಿತು.

೫. ನಾನು ಹೊಡೆದ ದಿನ

ಒಮ್ಮೆ ನಾನೇ ಹೊಡೆಯುತ್ತೇನೆ ಎಂದೆ. "ಅಳಿಯಾರ ಹೊಡಿಯೂದು, ಮಾವ ಕುಂದ್ರೂದು ಅಂದ್ರ ಮಂದಿ ಏನ್ ಅಂದಾರು" ಎಂದು ಹಿಂದೇಟು ಹಾಕಿದರು. ಆದರೆ ನನಗೆ "ಇಲ್ಲ" ಅನ್ನುವುದು ಅವರಿಗೂ ಆಗುತ್ತಿರಲಿಲ್ಲವಲ್ಲ, ಚಾವಿ ಕೊಟ್ಟರು.

ಹೇಗೆ ಹೋಗಬೇಕೆಂದು ತೋರಿಸಿಕೊಡುವ ಹುಮ್ಮಸ್ಸು ನನ್ನದು. ಎಡಕ್ಕಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಬಂತು, ಕನ್ನಡಿ ನೋಡಿ ಬಲಕ್ಕೆ ಬಂದೆ, ದಾಟಿದೆ, ಮತ್ತೆ ಎಡಕ್ಕೆ ಬಂದೆ. ಬಾಯಿಂದ ಹೇಳದೆ ಪಾಠ ನಡೆಯುತ್ತಿತ್ತು. ಎರಡನೆಯ ಟ್ರ್ಯಾಕ್ಟರ್ ದಾಟುವಾಗ ಎಂಬತ್ತಕ್ಕೆ ಏರಿಸಿದೆ. ಆ ಹಳೆಯ ಜೀಪಿಗೆ ಎಂಬತ್ತು ಹೊಸ ಅನುಭವ. ಅದರ ಬಾಗಿಲು, ಬಾನೆಟ್ಟು, ಸೀಟು ಎಲ್ಲವೂ ಬೇರೆ ಬೇರೆ ದಿಕ್ಕಿಗೆ ಹೋಗಲು ನೋಡಿದವು. ಮಾವ ಎರಡೂ ಕೈಯಿಂದ ಮುಂದಿನ ಹಿಡಿಕೆ ಹಿಡಿದುಕೊಂಡು, ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಅನ್ನುತ್ತಿದ್ದರು.

ಊರಲ್ಲಿ ಇಳಿದು, "ಭಾಳ ಚಲೋ ಹೊಡಿತೀರಿ ಅಳಿಯಾರ" ಎಂದರು. ಮುಂದಿನ ತಿಂಗಳು ಹೇಳದೆ ಕೇಳದೆ ಎಸ್‌ಟಿ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ, ಸಕ್ಕರೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದರು.

ಅವರು ಹಾಗೆಯೇ ಬಸ್ಸಿನಲ್ಲಿ ಹೋಗುತ್ತಿದ್ದರೆ ಎಲ್ಲ ಸರಿಯಾಗುತ್ತಿತ್ತು. ನಾನು ಪ್ರತಿ ತಿಂಗಳೂ ಹೆದರಿಸಿದ್ದರೂ ಸಾಕಿತ್ತು. ಆದರೆ ಆ ವಯಸ್ಸಿನವರು ಚೀಲ ಹೊತ್ತದ್ದು ಕೇಳಿ ನನಗೆ ನಾಚಿಕೆಯಾಯಿತು. ಹೋಗಿ, "ಮಾವಾರ, ನಾ ಜೋರ್ ಹೊಡಿತೀನಿ. ನೀವ ಹೊಡಿರಿ, ನಿಮ್ಮ ಕೈ ಶಾಂತ ಐತಿ" ಎಂದೆ. ಅವರನ್ನು ಮತ್ತೆ ಆ ಸೀಟಿನ ಮೇಲೆ ಕೂಡಿಸಿದವನು ನಾನೇ. ಈ ಪ್ರಸಂಗದಲ್ಲಿ ನಗುವಂಥದ್ದು ಸಕ್ಕರೆ ಚೀಲದವರೆಗೆ ಮಾತ್ರ ಇದೆ.

೬. ಹೊರಳುವ ಜಾಗ

ವಿಜಯಪುರದಿಂದ ಬರುವಾಗ ನಮ್ಮೂರ ರಸ್ತೆಗೆ ಹೆದ್ದಾರಿಯಿಂದ ಎಡಕ್ಕೆ ಹೊರಳಬೇಕು. ಬೇರೆಯವರು ಒಂದು ಕಿಲೋಮೀಟರು ಮೊದಲೇ ಎಡದ ಸಾಲಿಗೆ ಬಂದಿರುತ್ತಾರೆ. ಮಾವ ಹೊರಳುವ ಜಾಗದವರೆಗೆ ಡಿವೈಡರ್ ಬಿಡುತ್ತಿರಲಿಲ್ಲ. ಅಲ್ಲಿಂದ ನೇರ ಅಡ್ಡ ತಿರುಗಿಸುತ್ತಿದ್ದರು. ನಾನು ಎಡಕ್ಕೆ ನೋಡುತ್ತಿದ್ದೆ. ರಸ್ತೆ ಖಾಲಿ ಇರುತ್ತಿತ್ತು. ಸುಮ್ಮನಿರುತ್ತಿದ್ದೆ. ನಾಲ್ಕು ವರ್ಷ ಖಾಲಿ ಇತ್ತು.

ಆ ದಿನ ಒಂದು ಬಿಳಿ ಕಾರು ಬಲಗಡೆ ನಮ್ಮ ಹಿಂದೆ ಬಹಳ ಹೊತ್ತು ಕಾದು, ಬೇಸತ್ತು, ಎಡದಿಂದ ಮುಂದೆ ಹೋಗಲು ನುಗ್ಗಿತು. ಅದೇ ಹೊತ್ತಿಗೆ ಮಾವ ಸ್ಟೇರಿಂಗ್ ತಿರುಗಿಸಿದರು. ಕಾರು ನನಗೆ ಕಂಡಿತು. ಕೂಗಲು ಹೊತ್ತಿತ್ತು, ಒಂದು ಮಾತಿನಷ್ಟು. ಆದರೆ ಹಿರಿಯರಿಗೆ ಏನಾದರೂ ಹೇಳುವ ಮೊದಲು ಮರ್ಯಾದೆಯಿಂದ ಕರೆಯಬೇಕಲ್ಲ.

"ಮಾವಾರ..." ಎಂದೆ.

ಮುಂದಿನ ಪದಕ್ಕೆ ಜಾಗವಿರಲಿಲ್ಲ.

ಜೀಪು ಒಂದು ಸುತ್ತು ತಿರುಗಿ ನಿಂತಿತು. ಬೆಲ್ಲ ರಸ್ತೆಯ ತುಂಬ ಬಿತ್ತು. ಮಾವನ ಬಲಗೈ ಮುರಿದಿತ್ತು, ನನ್ನ ಹಣೆಗೆ ನಾಲ್ಕು ಹೊಲಿಗೆ. ಕಾರಿನವನಿಗೆ ಮೊಣಕಾಲಿಗೆ ಪೆಟ್ಟು. ಅವನು ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟಿದ್ದ. ಎಡದಿಂದ ನುಗ್ಗಿದ್ದು ಅವನ ತಪ್ಪು ಎಂದು ಸೇರಿದ ಮಂದಿ ಅಂದರು. ಅವನನ್ನು ಎಡದಿಂದ ನುಗ್ಗುವ ಹಾಗೆ ಮಾಡಿದವರು ನಾವು ಎಂದು ನಾನು ಅನ್ನಬೇಕಿತ್ತು. ಹಣೆಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದೆ. ಮಾವ ಮಾತ್ರ ಮುರಿದ ಕೈ ಎದೆಗೆ ಹಚ್ಚಿಕೊಂಡೇ ಅವನ ಹತ್ತಿರ ಹೋಗಿ ನೀರು ಕುಡಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೈಗೆ ಪ್ಲಾಸ್ಟರ್ ಹಾಕಿ, ತಲೆಗೆ ಪೆಟ್ಟಾಗಿದೆಯೋ ಎಂದು ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು. ಬಲಗಣ್ಣು ನೋಡಿದರು. ಎಡಗಣ್ಣು ಬಹಳ ಹೊತ್ತು ನೋಡಿದರು. "ಯಜಮಾನ್ರ, ಈ ಕಣ್ಣು ಕಾಣೂದು ನಿಂತು ಎಷ್ಟ ದಿನ ಆತು?"

ಮಾವ ಗೋಡೆ ನೋಡಿದರು.

"ಮೊದಲ ಬಂದಿದ್ರ ಉಳಿತಿತ್ತು. ಈಗ ಒಳಗಿನ ನರ ಒಣಗೇತಿ. ಇನ್ನ ಗಾಡಿ ಹೊಡಿಯೂದು ಬ್ಯಾಡ್ರಿ."

ಹದಿನೈದು ದಿನ ಬಿಟ್ಟು ನಾನು, ಹೆಂಡತಿ ಕುಣಿಕೋಣೂರಕ್ಕೆ ಹೋದೆವು. ಜೀಪು ದುರಸ್ತಿಯಾಗಿ ಅಂಗಳಕ್ಕೆ ಬಂದಿತ್ತು. ಮಾವ ಕಟ್ಟೆಯ ಮೇಲೆ ಕೈ ಕೊರಳಿಗೆ ಕಟ್ಟಿಕೊಂಡು ಕುಳಿತು ಅದನ್ನೇ ನೋಡುತ್ತಿದ್ದರು. ಎಡಗೈಯಲ್ಲಿ ಅದರ ಚಾವಿ ಇತ್ತು.

"ಬರ್ರಿ ಅಳಿಯಾರ, ಕುಂದ್ರಿ" ಎಂದರು. ಹೆಂಡತಿ ಅತ್ತ ಕುಳಿತು ಜ್ವಾಳ ಹಸನು ಮಾಡತೊಡಗಿದಳು. ಮಾವ ನನ್ನನ್ನು ಕೇಳಿದರು.

"ಅಳಿಯಾರ, ನಾ ಹೊಡಿಯೂದು ತಪ್ಪಿತ್ತೇನ್ರಿ?"

"ಸ್ವಲ್ಪ್ರಿ."

"ನಿಮಗ ಎಂದಿನಿಂದ ಗೊತ್ತಿತ್ತು?"

"ಮೊದಲನೇ ದಿನದಿಂದ್ರಿ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಎಡಗಣ್ಣು ಹೋಗಿ ನಾಕ ವರ್ಷ ಮ್ಯಾಲಾತು" ಎಂದರು. "ಬಲಕ್ಕ ಡಿವೈಡರ್ ಇದ್ರ ಅಷ್ಟರ ಕಾಣತದ. ಅದನ್ನ ಹಿಡಕೊಂಡು ಹೋಗ್ತಿದ್ನಿ, ಗ್ವಾಡಿ ಹಿಡಕೊಂಡು ಹ್ವಾದಂಗ. ಎಡಕ್ಕ ಏನೈತಿ ಏನಿಲ್ಲ, ಒಂದೂ ತಿಳಿತಿದ್ದಿಲ್ಲ."

"ನನಗರ ಹೇಳಬೇಕಿತ್ತಲ್ರಿ ಮಾವಾರ?"

"ಅಳಿಯಾರ ಮುಂದ ಹ್ಯಾಂಗ ಹೇಳ್ಲಿ, ಮಾವ ಕುಡ್ಡ ಆಗ್ಯಾನ ಅಂತ? ಅದಕ್ಕ ನಿಮ್ಮನ್ನ ಎಡಕ್ಕ ಕುಂದ್ರಸ್ಕೊಂತಿದ್ನಿ. ಆ ಕಡಿ ಏನರ ಬಂದ್ರ ಇವ್ರು ಒದರ್ತಾರ, ಓದಿದವ್ರು, ಎಲ್ಲಾ ನೋಡ್ತಿರ್ತಾರ ಅಂತ." ಅವರು ನನ್ನ ಕಡೆ ತಿರುಗಿದರು, ಕಾಣುವ ಕಣ್ಣು ನನಗೆ ಹಚ್ಚಲು ತಲೆಯನ್ನು ಪೂರ್ತಿ ಹೊರಳಿಸಿ. "ನೀವು ಸುಮ್ಮ ಕುಂತ್ರಿ ಅಂದ್ರ ಎಡಕ್ಕ ಎಲ್ಲಾ ಬರೊಬ್ಬರಿ ಐತಿ ಅಂತ ತಿಳದು ತಿರವ್ತಿದ್ನಿ ನಾನು. ನಾಕ ವರ್ಷ ನಿಮ್ಮ ಮ್ಯಾಲ ಗಾಡಿ ಹೊಡದೇನ್ರಿ ಅಳಿಯಾರ!"

ನಾನು ಜೀಪಿನ ಕಡೆ ನೋಡಿದೆ. ಜೀಪಿನ ಎಡ ಮಗ್ಗುಲು ಹೊಸ ಬಣ್ಣದಿಂದ ಹೊಳೆಯುತ್ತಿತ್ತು, ಉಳಿದದ್ದು ಹಳೆಯದಿತ್ತು.

ಮಾವ ಚಾವಿ ಎತ್ತಿ ನನ್ನ ಮುಂದೆ ಹಿಡಿದರು. "ಆದದ್ದು ಆತು. ಈಗ ಖರೆ ಹೇಳ್ರಿ. ಡಾಕ್ಟರ್ ಬ್ಯಾಡ ಅಂದಾರ. ಮನ್ಯಾಗ ಎಲ್ಲಾರೂ ಬ್ಯಾಡ ಅಂತಾರ. ಅವ್ರ ಮಾತ ನಾ ಕೇಳೂದಿಲ್ಲ. ನೀವು ಬ್ಯಾಡ ಅಂದ್ರ ಇವತ್ತಿಗೆ ಬಿಟ್ಟೆ. ನೀವೇನ್ ಅಂತೀರಿ?"

ಇಷ್ಟು ಸ್ಪಷ್ಟವಾಗಿ ಯಾರಿಗೂ ಎರಡನೆಯ ಸಲ ಅವಕಾಶ ಸಿಗುವುದಿಲ್ಲ. "ಬ್ಯಾಡ್ರಿ" ಎಂಬ ಒಂದು ಮಾತು. ನಾನು ಕಂಠ ಸರಿಮಾಡಿಕೊಂಡೆ. ಅವರ ಮುಖ ನೋಡಿದೆ. ಆ ಜೀಪಿಲ್ಲದೆ ಅವರು ಆ ಕಟ್ಟೆಯ ಮೇಲೆ ದಿನಾ ಕುಳಿತಿರುವುದು ನನಗೆ ಕಂಡಿತು.

"ನಿಮಗ ಹ್ಯಾಂಗ ಚಲೋ ಅನಸ್ತದ ಹಂಗ ಮಾಡ್ರಿ, ಮಾವಾರ" ಎಂದೆ.

ಹೆಂಡತಿ ಮೊರ ಕೆಳಗಿಟ್ಟಳು. ಎದ್ದು ಬಂದು, ತಂದೆಯ ಕೈಯಿಂದ ಚಾವಿ ಕಸಿದು ಸೆರಗಿಗೆ ಗಂಟು ಹಾಕಿಕೊಂಡಳು.

"ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಬಾಯಿಲ್ಲ. ಇಬ್ಬರೂ ಹಿಂದಿನ ಸೀಟಿಗೆ ಹೋಗ್ರಿ. ನಾಳಿಯಿಂದ ನಾ ಕಲಿತೀನಿ."